ಕಾಲು ಗಂಟೆ ಚಿಲ್ರೆ

ಅಮೆರಿಕದ ಟೈಮು ಲೆಕ್ಕ ಹಾಕೋದು ಕಷ್ಟ ಅಂತಾರೆ ಜನ, ನಂಗಂತೂ ಯಾವತ್ತೂ ಹಾಗನ್ಸಿಲ್ಲ. ಮಗಳಿರೋದು ಕ್ಯಾಲಿಫೋರ್ನಿಯಾದಲ್ಲಿ, ಬೇಸಿಗೆಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಚಳಿಗಾಲಕ್ಕೆ ಹದಿಮೂರೂವರೆ, ನಾವು ಕಾಫಿ ಕುಡಿಯೋ ಹೊತ್ತಿಗೆ ಅವಳು ರಾತ್ರಿ ಊಟಕ್ಕೆ ಕೂತಿರ್ತಾಳೆ, ಅಷ್ಟೇ. ದೊಡ್ಡ ವ್ಯತ್ಯಾಸ ಆದ್ರೆ ಮನುಷ್ಯ ಮರ್ಯಾದೆ ಕೊಡ್ತಾನೆ. ನನ್ನ ತಲೆ ಕೆಡ್ಸಿದ್ದು ನೇಪಾಳ. ಬರೀ 15 ನಿಮಿಷ.

ಹೋದ ವರ್ಷ ನಾನು ನಮ್ಮನೆಯವಳು ಮುಕ್ತಿನಾಥಕ್ಕೆ ಹೋಗಿದ್ವಿ, ಅಡುಗೆಯವರನ್ನೂ ಜೊತೇಲೇ ಕರ್ಕೊಂಡು ಹೋಗ್ತಾರಲ್ಲ ಅಂಥ ಟೂರು, ಇಪ್ಪತ್ತೆರಡು ಜನ, ಗೋರಖಪುರದವರೆಗೂ ರೈಲು, ಅಲ್ಲಿಂದ ಬಸ್ಸಲ್ಲಿ ಸುನೌಲಿ ಗಡಿ. ಗಡಿ ಅಂದ್ರೆ ಏನೋ ಅಂದ್ಕೊಂಡಿದ್ದೆ, ಸಂತೆಬೀದಿಲಿ ಒಂದು ಕಮಾನು ಕಟ್ಟಿದ ಹಾಗಿದೆ, ಈ ಕಡೆ ಬಾಳೆಹಣ್ಣಿನ ಗಾಡಿ, ಆ ಕಡೆ ಬಾಳೆಹಣ್ಣಿನ ಗಾಡಿ. ದಾಟಿ ಸ್ವಲ್ಪ ದೂರ ಹೋದ್ಮೇಲೆ ನನ್ನ ಫೋನು ಒಂದು ಮಾತೂ ಹೇಳ್ದೆ ಕೇಳ್ದೆ ಕಾಲು ಗಂಟೆ ಮುಂದಕ್ಕೆ ಹೋಗ್ಬಿಟ್ಟಿದೆ. ನಾನು ನೋಡ್ಲೇ ಇಲ್ಲ. ಹನ್ನೆರಡು ಗಂಟೆ ಹೋಗಿದ್ರೆ ಕಣ್ಣಿಗೆ ಹೊಡೀತಿತ್ತು, ಕಾಲು ಗಂಟೆ ಯಾರಿಗೆ ಕಾಣುತ್ತೆ ಹೇಳಿ, ನಮ್ಮೂರಲ್ಲಿ "ಐದೇ ನಿಮಿಷ ಬಂದೆ" ಅಂದ್ರೇನೇ ಅದಕ್ಕಿಂತ ಜಾಸ್ತಿ ಆಗುತ್ತೆ.

ರಾತ್ರಿ ಭೈರಹವಾದಲ್ಲಿ ಮ್ಯಾನೇಜರ್ರು ಎಲ್ರನ್ನೂ ನಿಲ್ಸಿ, ಬೆಳಿಗ್ಗೆ ಐದೂವರೆಗೆ ಬಸ್ಸು ಬಿಡುತ್ತೆ ಅಂದ್ರು. "ನಮ್ ಟೈಮಾ, ಇಲ್ಲೀ ಟೈಮಾ?" ಅಂತ ಹಿಂದಿನಿಂದ ಯಾರೋ ಕೇಳಿದ್ರು. "ನಮ್ ಟೈಮೇ ಸಾರ್" ಅಂದ್ಬಿಟ್ಟು ಅವರು ಅಡುಗೆಯವರ ಹತ್ರ ಹೋದ್ರು. ನಮ್ ಟೈಮು ಅಂದ್ರೆ ಯಾವ್ದು, ಈಗ ನಾವು ನಿಂತಿರೋ ಊರಿನ ಟೈಮು ನಮ್ದಾ ಅಥವಾ ಹುಟ್ಟಿದ ಊರಿಂದಾ, ಇದ್ರ ಮೇಲೆ ಮೆಟ್ಟಿಲಲ್ಲೇ ಅರ್ಧ ಗಂಟೆ ಚರ್ಚೆ ಆಯ್ತು. ಸಮಸ್ಯೆ ಏನಪ್ಪಾ ಅಂದ್ರೆ ಫೋನಿಗೆ ಸ್ವಂತ ಬುದ್ಧಿ ಕಮ್ಮಿ, ಯಾವ ಟವರಿನ ಕೈಗೆ ಸಿಗುತ್ತೋ ಆ ಟವರು ಹೇಳಿದ್ದೇ ಟೈಮು. ರೋಮಿಂಗ್ ಹಾಕಿಸ್ಕೊಂಡವರು, ನೇಪಾಳದ ಸಿಮ್ಮು ತಗೊಂಡವರು ಕಾಠ್ಮಂಡು ಟೈಮಲ್ಲಿದ್ರು. ಬಿಲ್ಲು ಬರುತ್ತೆ ಅಂತ ಹೆದ್ರಿ ಫ್ಲೈಟ್ ಮೋಡಲ್ಲಿ ಇಟ್ಟವರು ಇನ್ನೂ ಭಾರತದಲ್ಲೇ ಇದ್ರು. ನಮ್ಮನೆಯವಳ ಫೋನು ಎರಡನೇ ಗುಂಪು, ಒಂದೇ ರೂಮು, ಒಂದೇ ಮೇಜು, ಅವಳಿಗೆ ಒಂಬತ್ತೂ ಕಾಲು, ನಂಗೆ ಒಂಬತ್ತೂವರೆ.

ಅದೂ ಹೋಗ್ಲಿ, ಭೈರಹವಾ ಗಡಿಯಿಂದ ತುಂಬ ದೂರ ಇಲ್ಲ. ಬೆಳಿಗ್ಗೆ 4:40ಕ್ಕೆ ಎದ್ದು ಫೋನು ನೋಡಿ ಸ್ನಾನಕ್ಕೆ ಹೋದೆ, ತಣ್ಣೀರು, ಆದ್ರೂ ಕಾಲು ಗಂಟೆ ಹಿಡೀತು, ಬಂದು ನೋಡಿದ್ರೆ 4:40. ಒಂದು ಕ್ಷಣ ಪುಣ್ಯಕ್ಷೇತ್ರದ ಮಹಿಮೆನೇ ಇರ್ಬೇಕು ಅನ್ನಿಸ್ತು. ಆಮೇಲೆ ಗೊತ್ತಾಯ್ತು, ನಾನು ತಲೆಮೇಲೆ ಚೊಂಬು ಸುರ್ಕೊಳೋ ಹೊತ್ತಿಗೆ ಫೋನು ಗಡಿಯಾಚೆ ಇಂಡಿಯಾದ ಟವರು ಹಿಡ್ಕೊಂಡು ವಾಪಸ್ ಬಂದಿದೆ. ಒಟ್ನಲ್ಲಿ ಅವತ್ತಿನ ಸ್ನಾನ ಲೆಕ್ಕಕ್ಕೇ ಬರ್ಲಿಲ್ಲ. ಬಸ್ಸಿಗೆ ಅರ್ಧ ಜನ ಬೇಗ ಬಂದು ಗೊಣಗಿದ್ರು, ಇನ್ನರ್ಧ ಜನ ಸರಿಯಾದ ಟೈಮಿಗೆ ಬಂದು ಬೈಸ್ಕೊಂಡ್ರು, ಕೈಗಡಿಯಾರ ಕಟ್ಕೊಂಡಿದ್ದ ಒಬ್ಬ ರಾಯರು ಮಾತ್ರ ಯಾವ ಟವರಿಗೂ ಜಗ್ದೆ "ನಂದು ಬೆಂಗಳೂರು ಟೈಮು" ಅಂತ ಆರಾಮಾಗಿ ಕಾಫಿ ಕುಡೀತಿದ್ರು.

ಈ ಕಾಲು ಗಂಟೆ ಯಾಕೆ ಬಂತು ಅಂತ ಬಸ್ಸಲ್ಲಿ ಕೂತು ಹುಡುಕ್ದೆ. ನಮ್ಮ ದೇಶದ ಟೈಮು ಉತ್ತರಪ್ರದೇಶದ ಮಿರ್ಜಾಪುರದ ಹತ್ರ ಹಾದುಹೋಗೋ 82.5 ಡಿಗ್ರಿ ರೇಖಾಂಶದ್ದು. ನೇಪಾಳದವರೂ ಎಷ್ಟೋ ವರ್ಷ ಇದೇ ಟೈಮಲ್ಲಿದ್ರು, 1986ರಲ್ಲಿ ನಮ್ಮ ದೇಶದ ಟೈಮು ನಮಗಿರ್ಲಿ ಅಂತ ಗೌರೀಶಂಕರ ಪರ್ವತದ ಮೇಲೆ ಹೋಗೋ 86 ಕಾಲು ಡಿಗ್ರಿಗೆ ಬದಲಾಯಿಸ್ಕೊಂಡ್ರಂತೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಮೂರೂ ಮುಕ್ಕಾಲು ಡಿಗ್ರಿಗೆ ಹದಿನೈದು, ಲೆಕ್ಕ ಪಕ್ಕಾ. ಪರ್ವತ ನೋಡ್ಕೊಂಡು ಗಡಿಯಾರ ಇಟ್ಕೊಳೋದು ನಂಗಂತೂ ಇಷ್ಟ ಆಯ್ತು, ಮಿರ್ಜಾಪುರಕ್ಕಿಂತ ಗೌರೀಶಂಕರ ಕೇಳಕ್ಕೇ ಚೆನ್ನಾಗಿದೆ.

ಇಷ್ಟೆಲ್ಲ ತಿಳ್ಕೊಂಡ್ಮೇಲೂ ಪೋಖರಾದಲ್ಲಿ ಮತ್ತೆ ಬಿದ್ದೆ. ಅಲ್ಲಿಂದ ಜೋಮ್‌ಸೋಮ್‌ಗೆ ಪುಟ್ಟ ವಿಮಾನ, ಇಪ್ಪತ್ತು ನಿಮಿಷದ ಹಾರಾಟ, ಹೊತ್ತೇರ್ತಿದ್ದ ಹಾಗೇ ಆ ಕಣಿವೇಲಿ ಗಾಳಿ ಜೋರಾಗುತ್ತೆ, ಹಾಗಾಗಿ ಬೆಳಬೆಳಿಗ್ಗೇನೇ ಹಾರ್ಬೇಕು, ತಪ್ಪಿದ್ರೆ ತಪ್ಪಿದ ಹಾಗೇ. ಟಿಕೆಟ್ಟಲ್ಲಿ 6:30. ನಾನು ಬಾಳ ಶಿಸ್ತಿನ ಮನುಷ್ಯ, ಬೆಂಗಳೂರಲ್ಲೇ ಅದನ್ನ ಫೋನಿನ ಕ್ಯಾಲೆಂಡರಿಗೆ ಹಾಕಿದ್ದೆ. ಹಿಂದಿನ ರಾತ್ರಿ ನೋಡಿದ್ರೆ 6:45 ತೋರಿಸ್ತಿದೆ. ಮ್ಯಾನೇಜರ್ ಹತ್ರ ಹೋಗಿ, ನೀವು ಕಾಲು ಗಂಟೆ ಮುಂಚೆ ಹೇಳಿದೀರ, ವಯಸ್ಸಾದವರು ಇದಾರೆ, ಯಾಕಿಷ್ಟು ಆತುರ ಅಂತ ದಬಾಯಿಸಿದ್ದೂ ಆಯ್ತು. ಆಗಿದ್ದೇನು ಅಂದ್ರೆ ನಾನು ಬೆಂಗಳೂರಲ್ಲಿ ಕೂತು 6:30 ಅಂತ ಬರೆದಾಗ ಫೋನು ಪಾಪ ಅದನ್ನ ಬೆಂಗಳೂರಿನ 6:30 ಅಂತ್ಲೇ ನಂಬಿದೆ, ನೇಪಾಳಕ್ಕೆ ಬಂದ್ಮೇಲೆ ಪ್ರಾಮಾಣಿಕವಾಗಿ ಹದಿನೈದು ನಿಮಿಷ ಸೇರಿಸಿದೆ. ಟಿಕೆಟ್ಟಲ್ಲಿರೋದು ಯಾವಾಗ್ಲೂ ವಿಮಾನ ಹೊರಡೋ ಊರಿನ ಟೈಮು, ಬರೆಯುವಾಗ್ಲೇ ಯಾವ ಊರಿನ ಟೈಮು ಅಂತಾನೂ ಹಾಕ್ಬೇಕಂತೆ, ಕೆಳಗಡೆ ಅದಕ್ಕೊಂದು ಜಾಗಾನೂ ಇದೆ, ಅದನ್ನ ಯಾರು ಒತ್ತುತಾರೆ. ವಿಮಾನ ಸಿಕ್ತು ಅನ್ನಿ. ಮ್ಯಾನೇಜರ್ರು ಮಾತ್ರ ಎರಡು ದಿನ ನನ್ನ ಮುಖ ನೋಡಿ ಮಾತಾಡ್ಲಿಲ್ಲ.

ಮುಕ್ತಿನಾಥದ 108 ಧಾರೆ ಕೆಳಗೆ ನಿಂತಾಗ ಮಾತ್ರ ಯಾವ ದೇಶದ ಟೈಮೂ ನೆನಪಾಗ್ಲಿಲ್ಲ, ಆ ನೀರಿಗೆ ನಮ್ಮ ಹೆಸರು ನೆನಪಿದ್ರೇ ಹೆಚ್ಚು.

ವಾಪಸ್ ಪೋಖರಾಕ್ಕೆ ಬಂದ್ಮೇಲೆ ಸಾಕಾಗಿ ಸೆಟ್ಟಿಂಗ್ಸಿಗೆ ಹೋಗಿ ಆಟೋಮ್ಯಾಟಿಕ್ ಅನ್ನೋದನ್ನ ಆಫ್ ಮಾಡಿ, ಕೈಯಾರೆ ಕಾಠ್ಮಂಡು ಆರಿಸ್ಬಿಟ್ಟೆ. ನಮ್ಮನೆಯವಳ ಫೋನಿಗೂ ಮಾಡಕ್ಕೆ ಹೋದೆ, "ನಂದೇನೂ ಮುಟ್ಬೇಡಿ, ನಾನು ಕೂಡ್ಕೋತೀನಿ" ಅಂದ್ಳು. ಪಶುಪತಿನಾಥನ ಪೂಜೆ ಮಾಡೋ ಭಟ್ಟರು ಕರ್ನಾಟಕದ ಕಡೆಯವರೇ, ಆದ್ರೆ ಗುಡಿ ಬಾಗಿಲು ನೇಪಾಳದ ಟೈಮಿಗೇ ಹಾಕ್ತಾರೆ, ಕೂಡೋದು ಮರ್ತು ಅವಳು ಅಂಗಡಿಲಿ ರುದ್ರಾಕ್ಷಿ ಚೌಕಾಸಿ ಮಾಡ್ತಾ ನಿಂತಿದ್ಳು, ನಾನು ಕೈಹಿಡಿದು ಎಳ್ಕೊಂಡು ಓಡಿದ್ದು ಬೇರೆ ಕತೆ.

ಬೆಂಗಳೂರಿಗೆ ಬಂದು ಮೂರನೇ ದಿನ ಹಲ್ಲಿನ ಡಾಕ್ಟ್ರ ಹತ್ರ ಹೋದೆ, ಷಟರ್ರೇ ಎತ್ತಿರ್ಲಿಲ್ಲ. ಹತ್ತು ಗಂಟೆ ಅಂದಿದ್ರು, ಹತ್ತಾಗಿದೆ, ಇವರಿಗೆ ಟೈಮ್ ಸೆನ್ಸೇ ಇಲ್ಲ ಅಂತ ಮನಸ್ಸಲ್ಲೇ ಬೈಕೊಂಡು ಕಟ್ಟೆ ಮೇಲೆ ಕೂತೆ. ಪಕ್ಕದ ಬೇಕರಿಯ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು. ನನ್ನ ಫೋನು ಇನ್ನೂ ಕಾಠ್ಮಂಡು ಬಿಟ್ಟು ಬಂದೇ ಇರ್ಲಿಲ್ಲ. ಅಲ್ಲ, ಮೂರು ದಿನ ಮನೇಲಿದ್ರೂ ಯಾಕೆ ಗೊತ್ತಾಗ್ಲಿಲ್ಲ ಅಂತ ಯೋಚ್ನೆ ಮಾಡ್ತಾ ಬಂದು ಹಾಲಲ್ಲಿ ಕೂತೆ, ಎದುರಿಗೆ ಗೋಡೆ ಗಡಿಯಾರ. ಮಗಳು ಸ್ಕೂಲಿಗೆ ಹೋಗ್ತಿದ್ದಾಗ ವ್ಯಾನು ತಪ್ಪಬಾರ್ದು ಅಂತ ನಮ್ಮನೆಯವಳು ಅದನ್ನ ಕಾಲು ಗಂಟೆ ಮುಂದಕ್ಕೆ ಇಟ್ಟಿದ್ದು, ಇವತ್ತಿನವರೆಗೂ ಯಾರೂ ಹಿಂದಕ್ಕೆ ತಿರುಗಿಸಿಲ್ಲ.