ಸಂಜೆ ಆರರ ನಂತರದ ವಿಶ್ವವಿದ್ಯಾಲಯ

ಸರ್ಕಾರಿ ವಿಶ್ವವಿದ್ಯಾಲಯ ಎಲ್ಲರಿಗೂ ಎಟುಕಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಸೀಟು, ಶುಲ್ಕ, ಮೀಸಲಾತಿ, ವಿದ್ಯಾರ್ಥಿವೇತನಗಳ ಬಗ್ಗೆ ಚರ್ಚಿಸುತ್ತೇವೆ. ಚರ್ಚಿಸಬೇಕಾದದ್ದೇ. ಆದರೆ ಬೆಂಗಳೂರಿನಂಥ ದುಡಿಮೆಯ ಊರಿನಲ್ಲಿ ತರಗತಿಗಳು ಯಾವ ಹೊತ್ತಿನಲ್ಲಿ ನಡೆಯುತ್ತವೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಹಗಲು ಹೊತ್ತಿನಲ್ಲಿ ಮಾತ್ರ ಪಾಠ ಮಾಡುವ ಸಂಸ್ಥೆ ಶುಲ್ಕವನ್ನು ಪೂರ್ತಿಯಾಗಿ ಮನ್ನಾ ಮಾಡಿದರೂ, ಆ ಹೊತ್ತಿನಲ್ಲಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಹೆಣ್ಣುಮಗಳಿಗಾಗಲಿ, ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡಾಡುವ ಹುಡುಗನಿಗಾಗಲಿ ಅದರಿಂದ ಏನೂ ಸಿಗುವುದಿಲ್ಲ.

ಈ ಊರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಇಲ್ಲಿ ನೆಲೆಯೂರಿದ ಮೇಲೆ, ಎಸ್ಸೆಸ್ಸೆಲ್ಸಿಯನ್ನೋ ಡಿಪ್ಲೊಮಾವನ್ನೋ ಮುಗಿಸಿದ ಕೂಡಲೇ ಸಂಬಳಕ್ಕೆ ಸೇರಲೇಬೇಕಾಗಿದ್ದ ಒಂದು ಇಡೀ ತಲೆಮಾರು ಸಂಜೆ ಕಾಲೇಜುಗಳಲ್ಲಿ ಕುಳಿತು ಪದವಿ ಪಡೆಯಿತು. ಕೆ.ಆರ್. ವೃತ್ತದ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸದಲ್ಲಿರುವ ಡಿಪ್ಲೊಮಾದವರಿಗಾಗಿಯೇ ಸಂಜೆಯ ಬಿ.ಇ. ತರಗತಿಗಳು ನಡೆಯುತ್ತಿದ್ದವು. ಫಸ್ಟ್ ಶಿಫ್ಟ್ ಮುಗಿಸಿ, ಮುಖ ತೊಳೆದು, ಬಸ್ಸು ಹಿಡಿದು ಬಂದವರು ಎಂಜಿನಿಯರುಗಳಾಗಿ ಅದೇ ಕಾರ್ಖಾನೆಗೆ ಹಿಂತಿರುಗಿದರು. ನಾನೂ ಒಂದು ಸಂಜೆ ಕಾಲೇಜಿನಲ್ಲೇ ಬಿ.ಕಾಂ. ಮುಗಿಸಿದವನು. ಕೊನೆಯ ಬೆಂಚಿನಲ್ಲಿ ತೂಕಡಿಸುವವರ ಮೇಲೆ ನಮ್ಮ ಅಕೌಂಟೆನ್ಸಿ ಮೇಷ್ಟರು ಎಂದೂ ರೇಗುತ್ತಿರಲಿಲ್ಲ. ಅವರಲ್ಲಿ ಅರ್ಧ ಜನ ನಸುಕಿನ ಐದಕ್ಕೇ ಎದ್ದು ಕೆಲಸಕ್ಕೆ ಹೋದವರೆಂಬುದು ಅವರಿಗೆ ಗೊತ್ತಿತ್ತು.

ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. ಅಲ್ಲಿಯವರೆಗೆ ಮೈಸೂರು ವಿಶ್ವವಿದ್ಯಾಲಯದ ಭಾಗವಾಗಿದ್ದ ಸೆಂಟ್ರಲ್ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜು ಅದರ ತಿರುಳಾದವು. ಎರಡೂ ನಗರದ ನಡುಮಧ್ಯೆ, ಮೆಜೆಸ್ಟಿಕ್ಕಿನಿಂದ ಕಾಲ್ನಡಿಗೆಯಲ್ಲೇ ಹೋಗಬಹುದಾದ ಅಥವಾ ಒಂದೆರಡು ಸ್ಟಾಪ್‌ಗಳ ದೂರದಲ್ಲಿದ್ದವು. 1973ರಲ್ಲಿ ಮೈಸೂರು ರಸ್ತೆಯ ಆಚೆ ಸುಮಾರು 1,100 ಎಕರೆಯ ಜ್ಞಾನಭಾರತಿಗೆ ಸ್ನಾತಕೋತ್ತರ ವಿಭಾಗಗಳು ಸ್ಥಳಾಂತರಗೊಳ್ಳತೊಡಗಿದವು. ಪ್ರಯೋಗಾಲಯ, ಹಾಸ್ಟೆಲು, ಮರಗಿಡಗಳಿಗೆ ಜಾಗ ಬೇಕಿತ್ತು. ಆ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಆ ನೆಲದಲ್ಲೇ ಮುಂದೆ ರಾಷ್ಟ್ರೀಯ ಕಾನೂನು ಶಾಲೆಯೂ ತಲೆಯೆತ್ತಿತು. ಆದರೆ ಅಂದಿನ ಜ್ಞಾನಭಾರತಿ ಊರಾಚೆಯ ಜಾಗ. ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಪಾಠ ಕೇಳಿ ರಾತ್ರಿ ಮನೆ ಸೇರುವುದು ಸಾಧ್ಯವೇ ಇರಲಿಲ್ಲ. ಹೀಗೆ ಉನ್ನತ ಶಿಕ್ಷಣವೆಂದರೆ ಹಗಲಿಡೀ ಬಿಡುವಿರುವವರ ಶಿಕ್ಷಣ ಎಂಬುದು ಯಾರೂ ಆದೇಶ ಹೊರಡಿಸದೆಯೇ ನಿಯಮವಾಗಿಬಿಟ್ಟಿತು.

ಈಗ ಊರೇ ಬೆಳೆದು ಜ್ಞಾನಭಾರತಿಯನ್ನು ಸುತ್ತುವರಿದಿದೆ, 2021ರಿಂದ ಅದರ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ನಗರವು ವಿಶ್ವವಿದ್ಯಾಲಯದ ಒಳಗೆ ಬರುತ್ತಲೂ ಇದೆ, ಆದರೆ ಯಾವ ರೂಪದಲ್ಲಿ ಎಂಬುದನ್ನು ನೋಡಬೇಕು: ಬೆಳಗಿನ ವಾಕಿಂಗ್‌ನವರಾಗಿ, ಮತ್ತು ಮೈಸೂರು ರಸ್ತೆಗೂ ನಾಗರಬಾವಿಗೂ ನಡುವೆ ಹತ್ತಿರದ ದಾರಿ ಹುಡುಕುವ ವಾಹನಗಳಾಗಿ. ಇದೇ ಹೊತ್ತಿನಲ್ಲಿ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ವಿಜಯನಗರ, ಚಂದ್ರಾ ಲೇಔಟ್‌ಗಳಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗಳಿಗೆ ಓದುವ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹುಡುಗ ಹುಡುಗಿಯರು ಪಿ.ಜಿ. ವಸತಿಯ ಇಕ್ಕಟ್ಟಿನಲ್ಲಿ ಓದಲಾಗದೆ, ಒಂದು ಕುರ್ಚಿ, ಒಂದು ಮೇಜಿಗೆ ಖಾಸಗಿ ರೀಡಿಂಗ್ ರೂಮ್‌ಗಳಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಾರೆ. ಪದವಿ ಮುಗಿಸಿದ ಈ ಮಕ್ಕಳಲ್ಲಿ ಬಹುಪಾಲು ಜನ ಯಾವುದೋ ಒಂದು ಸರ್ಕಾರಿ ವಿಶ್ವವಿದ್ಯಾಲಯದಿಂದಲೇ ಬಂದವರು. ಓದಲು ಒಂದು ಜಾಗ ಮಾತ್ರ ಬೇಕಾಗಿರುವವರಿಗೆ ಸಾವಿರ ಎಕರೆಯ ಸಂಸ್ಥೆ ರಾತ್ರಿ ಹತ್ತರವರೆಗೆ ಒಂದು ದೊಡ್ಡ ಓದುಕೋಣೆಯನ್ನು, ಕುಡಿಯುವ ನೀರು ಮತ್ತು ಶೌಚಾಲಯದ ಸಮೇತ, ಗುರುತಿನ ಚೀಟಿ ನೋಡಿ ತೆರೆದುಕೊಡುವುದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಲಾರದು. ಸಮುದಾಯ ಸೇವೆ ಎಂದರೆ ಎನ್‌ಎಸ್‌ಎಸ್ ಶಿಬಿರದಲ್ಲಿ ಹಳ್ಳಿಯ ರಸ್ತೆ ಗುಡಿಸಿ ಫೋಟೊ ತೆಗೆಸಿಕೊಳ್ಳುವುದಷ್ಟೇ ಎಂದು ನಮ್ಮ ಆಡಳಿತಗಾರರು ತಿಳಿದಂತಿದೆ.

ನಮ್ಮ ಹಿರಿಯರ ಕಲ್ಪನೆ ಇದಕ್ಕಿಂತ ದೊಡ್ಡದಿತ್ತು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಅಧ್ಯಾಪಕರನ್ನು ಹಳ್ಳಿಪಟ್ಟಣಗಳಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಓದಲು ಬಂದಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಸ್ಥಾಪಿಸಿ, ವಿಜ್ಞಾನಿಗಳ ಉಪನ್ಯಾಸಗಳನ್ನು ಊರಿನ ಸಾಮಾನ್ಯರೂ ಬಂದು ಕೇಳುವಂತೆ ಮಾಡಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ರಚಿಸಿದರು. ಆ ಸಮಿತಿಯ ಬಗ್ಗೆ ಆಗ ಎಷ್ಟು ಗದ್ದಲವಾಯಿತೆಂಬುದು ಬೇರೆ ಮಾತು. ಊರಿನ ಜನ ಮಾತಾಡಿಕೊಳ್ಳುತ್ತಿದ್ದ ವಿಷಯಕ್ಕೆ ವಿಶ್ವವಿದ್ಯಾಲಯ ಕೈಹಾಕಿತು ಎಂಬುದು ನನಗೆ ಮುಖ್ಯ.

ಆನ್‌ಲೈನ್ ಇದೆ, ಮುಕ್ತ ವಿಶ್ವವಿದ್ಯಾಲಯ ಇದೆ, ಸಂಜೆ ಕಾಲೇಜು ಇನ್ನೇಕೆ ಎಂದು ಕೇಳುವವರಿದ್ದಾರೆ. 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದ ಲಕ್ಷಾಂತರ ಮನೆಗಳಿಗೆ ಪದವಿ ತಲುಪಿದೆ, ನಿಜ. ಆದರೆ ಕಳೆದುಕೊಂಡಿದ್ದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ 2018ರಲ್ಲಿ ಮತ್ತೆ ಸಿಗುವವರೆಗೆ ಅದರ ವಿದ್ಯಾರ್ಥಿಗಳು ಪಟ್ಟ ಪಾಡನ್ನು ಕಂಡವರಿಗೆ, ದುಡಿಯುವವರೆಲ್ಲರನ್ನೂ ಒಂದೇ ಸಂಸ್ಥೆಯ ಪಾಲಿಗೆ ಬಿಡುವುದು ಸರಿಯಲ್ಲ ಎಂಬುದು ತಿಳಿದೀತು. ಅದಲ್ಲದೆ ದಿನವಿಡೀ ದಣಿದವನಿಗೆ ಮೊಬೈಲಿನ ವಿಡಿಯೊಗಿಂತ, ಸಂಶಯ ಬಂದಾಗ ಕೈಯೆತ್ತಬಹುದಾದ ತರಗತಿಯೇ ಹೆಚ್ಚು ಉಪಕಾರಿ. ಇನ್ನು ಜಿಲ್ಲೆಗೊಂದು ವಿಶ್ವವಿದ್ಯಾಲಯ ಘೋಷಿಸುವ ಉಪಾಯದ ಗತಿ ನಮ್ಮ ಕಣ್ಣ ಮುಂದೆಯೇ ಇದೆ: ಹೊಸದಾಗಿ ತೆರೆದವುಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂತು.

ನಿಜವಾದ ಅಡಚಣೆ ಅಧ್ಯಾಪಕರದು. ಕಾಯಂ ಹುದ್ದೆಗಳು ಖಾಲಿ ಬಿದ್ದು, ಹಗಲಿನ ತರಗತಿಗಳೇ ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವಾಗ, ಅದೇ ಬಡಪಾಯಿಗಳಿಗೆ ಸಂಜೆಯ ಹೊರೆಯನ್ನೂ ಹೊರಿಸಿ ‘ಅವಕಾಶ ವಿಸ್ತರಿಸಿದೆವು’ ಎಂದು ಪ್ರಕಟಣೆ ಕೊಡುವುದಾದರೆ ಅದು ಬೇಡವೇ ಬೇಡ. ನೇಮಕಾತಿ ಮೊದಲು ಆಗಬೇಕು. ಸಂಜೆಯ ಪಾಠವನ್ನು ಅಧ್ಯಾಪಕರ ನಿಗದಿತ ಕಾರ್ಯಭಾರದೊಳಗೇ ಲೆಕ್ಕ ಹಿಡಿಯಬೇಕು.

ಎಲ್ಲಿಂದ ಆರಂಭಿಸಬೇಕು ಎಂದರೆ ನಾನು ಸೆಂಟ್ರಲ್ ಕಾಲೇಜನ್ನೇ ತೋರಿಸುತ್ತೇನೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಪಾಲು ಮಾಡಿದಾಗ ನಗರದ ಮಧ್ಯಭಾಗದ ವಿಶ್ವವಿದ್ಯಾಲಯಕ್ಕೆ ನೆಲೆಯಾದದ್ದು ಈ ಆವರಣವೇ. ಪಕ್ಕದಲ್ಲೇ ಮೆಟ್ರೊ ನಿಲ್ದಾಣವಿದೆ. ವೈಟ್‌ಫೀಲ್ಡ್‌ನಿಂದಲೂ ಕೆಂಗೇರಿಯಿಂದಲೂ ಗಾಡಿ ಬದಲಿಸದೆ ಬಂದಿಳಿಯಬಹುದು. ಸಂಜೆ ಆರೂವರೆಯಿಂದ ಒಂಬತ್ತರವರೆಗೆ, ವಾರದಲ್ಲಿ ಐದು ದಿನ, ಬಿ.ಕಾಂ. ಮತ್ತು ಬಿ.ಎ. ಪದವಿಗಳಿಗೆ ಕನ್ನಡ ಮಾಧ್ಯಮದ ಆಯ್ಕೆಯೊಂದಿಗೆ ತರಗತಿ ನಡೆಸಲಿ. ಓದು ಬಿಟ್ಟು ಹತ್ತು ಹದಿನೈದು ವರ್ಷವಾದವರಿಗೂ ಪ್ರವೇಶ ಕೊಡಲಿ. ಹೆಣ್ಣುಮಕ್ಕಳಿಗೆ 2023ರ ಶಕ್ತಿ ಯೋಜನೆಯಿಂದ ಬಿಎಂಟಿಸಿ ಪ್ರಯಾಣ ಉಚಿತವಾಗಿದೆ, ಆದರೆ ರಾತ್ರಿ ಒಂಬತ್ತರ ನಂತರ ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಹೋಗಲು ಬಸ್ಸು ಸಿಗಬೇಕಲ್ಲ. ಆದ್ದರಿಂದ ತರಗತಿಯ ವೇಳಾಪಟ್ಟಿ ಬರೆಯುವ ಕುಲಸಚಿವರು ಬಿಎಂಟಿಸಿಯವರನ್ನೂ ಆ ಸಭೆಗೆ ಕರೆದು, ಒಂಬತ್ತೂಕಾಲಕ್ಕೆ ಮೈಸೂರು ಬ್ಯಾಂಕ್ ವೃತ್ತದಿಂದ ಹೊರಡುವ ಬಸ್ಸುಗಳ ಮಾರ್ಗಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಆಮೇಲೆ ಪ್ರವೇಶದ ಅರ್ಜಿ ಕರೆಯುವುದು ಒಳ್ಳೆಯದು.