ಒಲಾಂದ್ ಸಾಹೇಬರ ಒಂಟೆ ಮರಿ

2013ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಧ್ಯಕ್ಷ ಫ್ರಾಂಸ್ವಾ ಒಲಾಂದ್, ಹಿಂದೆ ಫ್ರೆಂಚರೇ ಆಳಿದ್ದ ಪಶ್ಚಿಮ ಆಫ್ರಿಕಾದ ಮಾಲಿ ದೇಶಕ್ಕೆ ಹೋದಾಗ ಅಲ್ಲಿನವರು ಅವರಿಗೊಂದು ಒಂಟೆ ಮರಿ ಉಡುಗೊರೆ ಕೊಟ್ಟರು. ವಿಮಾನದಲ್ಲಿ ಹಾಕಿಕೊಂಡು ಹೋಗೋಕಾಗುತ್ತಾ? ಅಲ್ಲಿನ ಟಿಂಬಕ್ಟು ಊರಿನ ಒಂದು ಮನೆಯವರ ಹತ್ತಿರ ಬಿಟ್ಟರು. ಎರಡು ತಿಂಗಳಿಗೆ ಸುದ್ದಿ ಬಂತು. ಆ ಮನೆಯವರು ಅದನ್ನು ಕೊಯ್ದು, ಸಾರು ಮಾಡಿ ತಿಂದುಬಿಟ್ಟಿದ್ದರು! ಅಧಿಕಾರಿಗಳಿಗೆ ಮುಜುಗರವೋ ಮುಜುಗರ. ಇನ್ನೂ ದೊಡ್ಡದು, ಇನ್ನೂ ಚೆಂದದ್ದು ಕೊಡ್ತೀವಿ ಅಂತ ಸಮಾಧಾನ ಹೇಳಿದರು.

ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಮೊನ್ನೆ ಗೆಳೆಯನೊಬ್ಬ "ಫ್ರಾನ್ಸ್ ಮಾಲಿಗೆ ಸೇನೆ ಕಳಿಸಿದ್ದೇ ತಪ್ಪು, ಹಳೇ ದೊರೆಗಳ ಚಾಳಿ" ಅಂದಾಗ ಆ ಒಂಟೆ ಮತ್ತೆ ನೆನಪಾಯಿತು. ಅವನ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಒಂಟೆ ಸುಮ್ನೆ ಸಿಕ್ಕಿದ್ದಲ್ಲ. 2012ರಲ್ಲಿ ಮಾಲಿಯ ಉತ್ತರ ಭಾಗ ಸರ್ಕಾರದ ಕೈಬಿಟ್ಟು ಹೋಗಿತ್ತು. ಮೊದಲು ಸಹಾರಾ ಮರುಭೂಮಿಯ ಅಲೆಮಾರಿ ಜನಾಂಗವಾದ ಟುವಾರೆಗ್ ಬಂಡುಕೋರರು ನಮಗೆ ಬೇರೆ ದೇಶ ಬೇಕು ಅಂತ ಎದ್ದರು. ಅವರನ್ನು ಪಕ್ಕಕ್ಕೆ ತಳ್ಳಿ ಅಲ್ ಖೈದಾ ನಂಟಿನ ಜಿಹಾದಿಗಳು ಬಂದರು. ಟಿಂಬಕ್ಟುವಿನ ಸೂಫಿ ಗೋರಿಗಳನ್ನು ಗುದ್ದಲಿ ಹಿಡಿದು ಒಡೆದರು. ಹಾಡು ನಿಷೇಧ. ಹೆಂಗಸರಿಗೆ ಚಾಟಿಯೇಟು. ಗ್ರಂಥಾಲಯದವರು ಹಳೇ ಹಸ್ತಪ್ರತಿಗಳನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ ಕದ್ದುಮುಚ್ಚಿ ರಾಜಧಾನಿ ಬಮಾಕೊಗೆ ಸಾಗಿಸಿದರು. 2013ರ ಜನವರಿ 10ಕ್ಕೆ ದೇಶದ ನಡುಭಾಗದ ಕೊನ್ನಾ ಊರೂ ಅವರ ಕೈಗೆ ಬಿತ್ತು. ಮಾಲಿ ಸರ್ಕಾರ ಫ್ರಾನ್ಸಿಗೆ ಮೊರೆಯಿಟ್ಟಿತು. ಮರುದಿನವೇ ಫ್ರೆಂಚ್ ಪಡೆ ಇಳಿಯಿತು. ತಿಂಗಳೊಳಗೆ ಉತ್ತರದ ದೊಡ್ಡ ಊರುಗಳಾದ ಗಾವೊ, ಟಿಂಬಕ್ಟು ಎರಡೂ ವಾಪಸ್. ಬಮಾಕೊ ಬೀದಿಯಲ್ಲಿ ಫ್ರೆಂಚ್ ಬಾವುಟ ಹಾರಾಡಿತು. ಹುಟ್ಟಿದ ಮಕ್ಕಳಿಗೆ ಒಲಾಂದ್ ಅಂತ ಹೆಸರಿಟ್ಟರು. ಆ ಜನರನ್ನು ದಡ್ಡರು ಅನ್ನೋಕೆ ನನಗಂತೂ ಬಾಯಿ ಬರಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ತಂದವನ ಜಾತಕ ಯಾರು ಕೇಳ್ತಾರೆ?

ಆದರೆ ಜಾತಕ ಇತ್ತು. 2011ರಲ್ಲಿ ಲಿಬಿಯಾದ ಗಡಾಫಿಯನ್ನು ಕೆಡವಲು ಮುಂದೆ ನಿಂತಿದ್ದು ಇದೇ ಫ್ರಾನ್ಸ್. ಗಡಾಫಿ ಸೇನೆಯಲ್ಲಿದ್ದ ಟುವಾರೆಗ್‌ಗಳು ಅಲ್ಲಿನ ಬಂದೂಕು, ಗಾಡಿ ಹೇರಿಕೊಂಡು ಮಾಲಿಗೆ ಬಂದರು. ಮಗೂನೂ ಚಿವುಟಿ ತೊಟ್ಟಿಲೂ ತೂಗೋದು ಅಂದರೆ ಇದೇ ಅಲ್ವಾ?

ಇಷ್ಟಾದರೂ ಆ ಜನವರಿಯಲ್ಲಿ ಹೋಗಿದ್ದು ಸರಿ ಅಂತಲೇ ನಾನು ಈಗಲೂ ಹೇಳ್ತೀನಿ. ಕೆಟ್ಟಿದ್ದು ಕಿಡಾಲ್‌ನಲ್ಲಿ. ಉತ್ತರದ ತುದಿಯ ಟುವಾರೆಗ್ ಊರು ಅದು. ಫ್ರೆಂಚ್ ಪಡೆ ಅಲ್ಲಿಗೆ ಹೋಗುವಾಗ ಮಾಲಿ ಸೇನೆಯನ್ನು ಹಿಂದೆಯೇ ಬಿಟ್ಟಿತು. ಪಕ್ಕದ ಬೆಟ್ಟಗಳಲ್ಲಿ ಅಲ್ ಖೈದಾದವರನ್ನು ಹುಡುಕಲು ಟುವಾರೆಗ್ ಬಂಡುಕೋರರ ನೆರವು ಬೇಕಿತ್ತು. ಮಾಲಿ ಸೇನೆ ಬಂದರೆ ಟುವಾರೆಗ್‌ಗಳ ಮೇಲೆ ಸೇಡು ತೀರಿಸಿಕೊಳ್ಳುತ್ತೆ ಅನ್ನೋ ಅಳುಕೂ ಇತ್ತು. ಆ ಅಳುಕು ಸುಳ್ಳೇನಲ್ಲ. ಆದರೆ ಬಮಾಕೊದಲ್ಲಿ ಕೂತವನಿಗೆ ಕಂಡಿದ್ದೇನು? ನಮ್ಮ ಊರಿಗೆ ನಮ್ಮ ಸೇನೆಯೇ ಹೋಗುವಂತಿಲ್ಲ, ಬಂಡೆದ್ದವರು ಮಾತ್ರ ಆರಾಮಾಗಿ ಇರಬಹುದು! 2014ರ ಮೇನಲ್ಲಿ ಅಲ್ಲಿ ಮಾಲಿ ಸೇನೆ ಏಟು ತಿಂದು ಹಿಂದೆ ಸರಿಯಿತು. ಫ್ರಾನ್ಸ್ ದೇಶ ಒಡೆಯುತ್ತಿದೆ ಅನ್ನೋ ಮಾತು ಆಮೇಲೆ ಮನೆಮನೆಗೂ ಹೋಯಿತು.

ಅದೇ ವರ್ಷ ಫ್ರೆಂಚ್ ಕಾರ್ಯಾಚರಣೆಯ ಹೆಸರು ಸರ್ವಾಲ್ ಹೋಗಿ ಬರ್ಖಾನ್ ಆಯಿತು. ಮಾಲಿ ಸೇರಿ ಆ ಭಾಗದ ಐದು ದೇಶ, 2020ರ ಹೊತ್ತಿಗೆ 5,000ಕ್ಕೂ ಜಾಸ್ತಿ ಸೈನಿಕರು. ಕೊಂದಷ್ಟೂ ಜಿಹಾದಿಗಳು ಹೆಚ್ಚಿದರು. 2021ರ ಜನವರಿ 3ರಂದು ಮಾಲಿಯ ಬೂಂಟಿ ಹಳ್ಳಿಯ ಹತ್ತಿರ ಮದುವೆಗೆ ಸೇರಿದ್ದ ಗುಂಪಿನ ಮೇಲೆ ಫ್ರೆಂಚ್ ವಿಮಾನ ಬಾಂಬ್ ಹಾಕಿತು. ಸತ್ತ 22 ಜನರಲ್ಲಿ 19 ಮಂದಿ ಸಾಮಾನ್ಯ ಜನ ಅಂತ ವಿಶ್ವಸಂಸ್ಥೆಯ ತನಿಖೆ ಹೇಳಿತು. ಫ್ರಾನ್ಸ್ ಒಪ್ಪಲೇ ಇಲ್ಲ. ಸತ್ತವರೆಲ್ಲ ಭಯೋತ್ಪಾದಕರು ಅಂತ ಪಟ್ಟು ಹಿಡಿಯಿತು. ನನಗೆ ಬಾಂಬಿಗಿಂತ ಈ ಹಟವೇ ಜಾಸ್ತಿ ಅಸಹ್ಯ ಅನಿಸಿದ್ದು.

2020, 2021ರಲ್ಲಿ ಮಾಲಿಯಲ್ಲಿ ಎರಡು ಸೇನಾ ದಂಗೆ. ದಂಗೆಯ ನಾಯಕ ಅಸಿಮಿ ಗೊಯಿಟಾ ಕುರ್ಚಿಗೆ ಬಂದರು. 2022ರ ಆಗಸ್ಟ್‌ಗೆ ಕೊನೆಯ ಫ್ರೆಂಚ್ ಸೈನಿಕನೂ ಗಾವೊ ಬಿಟ್ಟ. ಅಷ್ಟರಲ್ಲಿ ರಷ್ಯಾದ ವಾಗ್ನರ್ ಬಾಡಿಗೆ ಪಡೆ ಬಂದಾಗಿತ್ತು. ಬೀದಿಯಲ್ಲಿ ಈಗ ರಷ್ಯಾ ಬಾವುಟ. ಅಳಿಯ ಅಲ್ಲ, ಮಗಳ ಗಂಡ. 2022ರ ಮಾರ್ಚ್‌ನಲ್ಲಿ ಮೂರಾ ಹಳ್ಳಿಯಲ್ಲಿ ಮಾಲಿ ಸೇನೆ ಮತ್ತು ವಿದೇಶಿ ಪಡೆ ಸೇರಿ ಕನಿಷ್ಠ 500 ಜನರನ್ನು ಕೊಂದರು ಅಂತ ವಿಶ್ವಸಂಸ್ಥೆಯ ವರದಿ. ಫ್ರಾನ್ಸನ್ನು ಬೈಯುವ ನನ್ನ ಗೆಳೆಯ ಇದರ ಬಗ್ಗೆ ತುಟಿ ಬಿಚ್ಚಲ್ಲ!

2013ರಲ್ಲಿ ಇದು ಉತ್ತರದ ಮರುಭೂಮಿಯ ಜಗಳವಾಗಿತ್ತು. 2025ರ ಜುಲೈನಲ್ಲಿ ಮೂವರು ಭಾರತೀಯರನ್ನು ಸಿಮೆಂಟ್ ಕಾರ್ಖಾನೆಯಿಂದ ಎತ್ತಿಕೊಂಡು ಹೋದರಲ್ಲ, ಆ ಕಾಯೆಸ್ ಇರೋದು ಪಶ್ಚಿಮದ ತುದಿಯಲ್ಲಿ. ಸೆಪ್ಟೆಂಬರ್‌ನಿಂದ ಜಿಹಾದಿಗಳು ರಾಜಧಾನಿಗೆ ಬರುವ ಪೆಟ್ರೋಲ್ ಟ್ಯಾಂಕರುಗಳನ್ನೇ ತಡೆದು ಸುಟ್ಟರು. ಬಂಕ್‌ಗಳ ಮುಂದೆ ಬೈಕುಗಳ ಸಾಲು. ಅಕ್ಟೋಬರ್ ಕೊನೆಗೆ ಇಂಧನ ಇಲ್ಲ ಅಂತ ದೇಶದ ಶಾಲೆಗಳನ್ನೆಲ್ಲ ಎರಡು ವಾರ ಮುಚ್ಚಿದರು.

ಒಲಾಂದ್ ಅಂತ ಹೆಸರಿಟ್ಟ ಆ ಮಕ್ಕಳಿಗೆ ಆಗ ಹನ್ನೆರಡು ವರ್ಷ. ಅವರೂ ಮನೆಯಲ್ಲೇ ಕೂತಿದ್ದಿರಬೇಕು.