ಪಂಕ್ತಿಯಲ್ಲಿ ಕಂಪ್ಯೂಟರ್ ಸೈನ್ಸಿನ ಎಲೆ

ಹೊಸ ವಿಷಯವೊಂದು ಬಾಗಿಲಿಗೆ ಬಂದರೆ ವಿಶ್ವವಿದ್ಯಾಲಯಗಳು ಮೊದಲು ವಿಚಾರಿಸುವುದು ಅದರ ಗೋತ್ರವನ್ನು. ಕಂಪ್ಯೂಟರ್ ಸೈನ್ಸ್ ಈ ಪರೀಕ್ಷೆಯಲ್ಲಿ ಬಹಳ ಕಾಲ ಒದ್ದಾಡಿತು. ಗಣಿತದವರು ಅದರ ತಂತಿಗಳನ್ನು ಕಂಡು ‘ಇದು ಎಲೆಕ್ಟ್ರಿಕಲ್‌ನವರ ಕೂಸು’ ಎಂದರೆ, ಎಲೆಕ್ಟ್ರಿಕಲ್‌ನವರು ಅದರ ಸೂತ್ರಗಳನ್ನು ಕಂಡು ಗಣಿತದವರ ಮನೆಯ ಕಡೆಗೆ ಕೈ ತೋರಿಸಿದರು. 1949ರಲ್ಲೇ ಎಡ್‌ಸ್ಯಾಕ್ ಎಂಬ ಕಂಪ್ಯೂಟರನ್ನು ಓಡಿಸಿದ್ದ ಕೇಂಬ್ರಿಜ್, 1953ರಲ್ಲಿ ಗಣನೆಯ ಡಿಪ್ಲೊಮಾ ಆರಂಭಿಸಿತೇನೋ ನಿಜ. ಆದರೆ ಅದು ಆಗಲೇ ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ ಮಾತ್ರ. ಊಟವನ್ನು ಇನ್ನೊಂದು ಮನೆಯಲ್ಲಿ ಮುಗಿಸಿ ಬಂದವರಿಗಷ್ಟೇ ಇಲ್ಲಿ ಪಾಯಸ.

ಸ್ಟ್ಯಾನ್‌ಫರ್ಡ್‌ನ ಸಂಯಮವಂತೂ ಋಷಿಗಳನ್ನೂ ನಾಚಿಸುವಂಥದ್ದು. 1965ರಲ್ಲಿ ವಿಭಾಗ ತೆರೆದ ಆ ಸಂಸ್ಥೆ ಪದವಿ ವಿದ್ಯಾರ್ಥಿಗಳಿಗೆ ಅದನ್ನು ಮುಖ್ಯ ವಿಷಯವಾಗಿ ಕೊಟ್ಟದ್ದು 1986ರಲ್ಲಿ, ಸುತ್ತಲಿನ ಕಣಿವೆಗೆ ಸಿಲಿಕಾನ್ ಎಂಬ ಹೆಸರು ಬಿದ್ದು ಹಳತಾದ ಮೇಲೆ. ನಮ್ಮ ಕಾನ್ಪುರ ಐಐಟಿಗೆ ಐಬಿಎಂ 1620 ಕಂಪ್ಯೂಟರ್ ಬಂದಿಳಿದದ್ದು 1963ರಲ್ಲಿ, ಈ ವಿಷಯದ ಎಂ.ಟೆಕ್. 1971ರಲ್ಲಿ, ಬಿ.ಟೆಕ್.ಗೆ ಆ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿದಾಗ, ಹೊರವರ್ತುಲ ರಸ್ತೆಯೆಲ್ಲ ಸಾಫ್ಟ್‌ವೇರ್‌ನವರ ವಾಹನಗಳಿಂದ ಕಟ್ಟಿಕೊಂಡಿದ್ದರೂ, ಮುಖ್ಯ ವಿಷಯಗಳ ಸಾಲಿನಲ್ಲಿ ಕಂಪ್ಯೂಟರ್ ಸೈನ್ಸ್ ಇರಲಿಲ್ಲ. 2022ರಲ್ಲಿ ಬಿ.ಟೆಕ್. ಬಂದಾಗಲೂ ಅದರ ಹೆಸರು ‘ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್’; ಹುಡುಗಿಯನ್ನು ಜಾತ್ರೆಗೆ ಕಳಿಸುವಾಗ ಸೋದರತ್ತೆಯನ್ನು ಜೊತೆಗೆ ಕಳಿಸುವ ಎಚ್ಚರಿಕೆ ಅದು. (ಅತ್ತೆ ಗಟ್ಟಿಗಿತ್ತಿಯೇ, ಅದರಲ್ಲಿ ನನ್ನ ತಕರಾರಿಲ್ಲ.)

ಒಂದೆಲೆಗೆ ಜಾಗವಿಲ್ಲವೆಂದು ಇಷ್ಟು ವರ್ಷ ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದ ವಿಷಯಕ್ಕೆ ಈಗ ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಇಡೀ ಪಂಕ್ತಿಯನ್ನೇ ಬಿಟ್ಟುಕೊಟ್ಟಿವೆ. ಸಾಧನೆ ತೋರಿದ ಕಾಲೇಜುಗಳಿಗೆ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತಾಂತ್ರಿಕ ಶಿಕ್ಷಣದ ಉಸ್ತುವಾರಿ ಹೊತ್ತ ಎಐಸಿಟಿಇ 2024–25ರಿಂದ ತೆಗೆದುಹಾಕಿದ ಮೇಲೆ ಬಡಿಸುವವರ ಕೈಗೆ ತಡೆಯೇ ಇಲ್ಲ. ಎಲೆಗಳೆಲ್ಲ ಒಂದೇ ಎಂದು ಯಾರೂ ಅನ್ನಬಾರದಲ್ಲ, ಅದಕ್ಕಾಗಿ ಆವರಣ ಚಿಹ್ನೆಯನ್ನು ಕಂಡುಹಿಡಿಯಲಾಗಿದೆ: ಕಂಪ್ಯೂಟರ್ ಸೈನ್ಸ್ (ಡೇಟಾ ಸೈನ್ಸ್), ಕಂಪ್ಯೂಟರ್ ಸೈನ್ಸ್ (ಸೈಬರ್ ಸೆಕ್ಯುರಿಟಿ), ಕಂಪ್ಯೂಟರ್ ಸೈನ್ಸ್ (ಎಐ ಮತ್ತು ಎಂಎಲ್). ಯಂತ್ರಗಳ ಕಂಪನವನ್ನು ಕಲಿಸುತ್ತಿದ್ದ ಮೆಕ್ಯಾನಿಕಲ್ ಮೇಷ್ಟರು, ವಿದ್ಯಾರ್ಥಿಗಳಿಲ್ಲದ ತಮ್ಮ ಪ್ರಯೋಗಾಲಯಕ್ಕೆ ಬೀಗ ಹಾಕಿ, ರಾತ್ರಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಓದಿಕೊಂಡು ಬೆಳಿಗ್ಗೆ ಅದನ್ನೇ ಪಾಠ ಮಾಡುವ ಸಾಹಸಕ್ಕೆ ಇಳಿದಿದ್ದಾರೆ. ಸೇತುವೆಗಳ ಗತಿಯೇನು ಎಂದು ಕೇಳುವವರಿಗೆ, ಅವನ್ನೂ ಆವರಣದೊಳಗೆ ಕಟ್ಟಿಕೊಡಲಾಗುವುದು ಎಂಬ ಭರವಸೆ ಇಷ್ಟರಲ್ಲೇ ಹೊರಬೀಳಬಹುದು.

ಮೊನ್ನೆ ಪ್ರವೇಶದ ಕೌಂಟರ್ ಒಂದರ ಮುಂದೆ ಮಗನೊಡನೆ ನಿಂತಿದ್ದ ತಂದೆಯೊಬ್ಬರು ಕರಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿ, ‘ಸರ್, ಈ ನಾಲ್ಕು ಕಂಪ್ಯೂಟರ್ ಸೈನ್ಸುಗಳಿಗೂ ಏನು ವ್ಯತ್ಯಾಸ?’ ಎಂದು ವಿನಯದಿಂದ ಕೇಳಿದರು. ಕೌಂಟರಿನವರು ಒಂದೂ ಮಾತಾಡದೆ ಮ್ಯಾನೇಜ್‌ಮೆಂಟ್ ಕೋಟಾದ ಶುಲ್ಕದ ಪಟ್ಟಿಯನ್ನು ಅವರ ಕಡೆಗೆ ಸರಿಸಿದರು.